ಭಾನುವಾರದ ಮತದಾನ: ಬೇಜಾರಿದ್ದರೂ ಹೋಗೋಣ

ಎಲ್ಲರಿಗೂ ನಮಸ್ಕಾರ.

ಭಾನುವಾರ ಎರಡನೇ ಸುತ್ತಿನ ಮತದಾನ. ನಮ್ಮ ಅಭ್ಯರ್ಥಿ ಮೊದಲ ಸುತ್ತಿನಲ್ಲೇ ಸೋತರು. ಈಗ ಕಣದಲ್ಲಿರುವುದು ಒಬ್ಬ ಮಧ್ಯಮಪಂಥೀಯರು, ಎದುರಿಗೆ ದ್ವೇಷವನ್ನೇ ನಂಬಿದ ತೀವ್ರವಾದಿ. "ಇಬ್ಬರೂ ಬೇಡ, ಮನೆಯಲ್ಲೇ ಇರ್ತೀನಿ" ಎಂದು ಕೆಲವರು ಬರೆದಿದ್ದೀರಿ. ನಿಮ್ಮ ಸಿಟ್ಟು ನನಗೂ ಇದೆ. ಭೂಮಿ, ಕೂಲಿ, ಆರೋಗ್ಯ, ಯಾವುದರಲ್ಲೂ ಆ ಮಧ್ಯಮಪಂಥೀಯರು ನಮ್ಮಷ್ಟು ದೂರ ಬರುವವರಲ್ಲ. ಆದರೂ ನನ್ನ ಮತ ಅವರಿಗೇ.

ಫ್ರಾನ್ಸ್‌ನಲ್ಲಿ 2002ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಎಡಪಂಥದ ಮತಗಳು ಹಲವರಿಗೆ ಹಂಚಿಹೋದವು. ಎಡಪಂಥದ ಪ್ರಮುಖ ಅಭ್ಯರ್ಥಿ ಜೋಸ್ಪಾಂ ಮೂರನೆಯವರಾದರು, ತೀವ್ರ ಬಲಪಂಥದ ಲೆ ಪೆನ್ ಎರಡನೇ ಸುತ್ತಿಗೆ ಬಂದರು. ಆಗ ಎಡಪಂಥದವರೇ ತಮಗೆ ಇಷ್ಟವಿಲ್ಲದ ಬಲಪಂಥದ ಶಿರಾಕ್‌ಗೆ ಮತ ಹಾಕಿದರು. ಮೂಗಿಗೆ ಕ್ಲಿಪ್ ಹಾಕಿಕೊಂಡು ಹೋಗ್ತೀವಿ ಎಂದವರೂ ಇದ್ದರು! ಶಿರಾಕ್‌ಗೆ ಶೇ 82ರಷ್ಟು ಮತ ಸಿಕ್ಕಿತು.

ಪಟ್ಟಿಯಲ್ಲಿ ಹೆಸರು, ಮತಗಟ್ಟೆ ಇವತ್ತೇ ನೋಡಿಕೊಳ್ಳಿ. ಗುರುತಿನ ಚೀಟಿ ಎತ್ತಿಡಿ. ಬೆಳಿಗ್ಗೆಯೇ ಹೋಗಿಬನ್ನಿ. ಗೆದ್ದ ಮೇಲೆ ಆ ಮಧ್ಯಮಪಂಥೀಯರನ್ನು ಪ್ರಶ್ನಿಸುವುದು ನಮ್ಮ ಕೆಲಸವೇ, ಅದನ್ನು ಬಿಡೋದು ಬೇಡ.

ವಯಸ್ಸಾದವರನ್ನು ಕರೆದೊಯ್ಯಲು ಗಾಡಿ ಕೊಡಬಲ್ಲವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಒಪ್ಪದವರೂ ದಯವಿಟ್ಟು ಬರೆಯಿರಿ, ಮಾತಾಡೋಣ.