ಈ ಸಂಚಿಕೆಯಲ್ಲಿ ಹಾಕದ ಒಂದು ಫೋಟೊ

ನಮ್ಮ ಸುದ್ದಿಪತ್ರದ ರಾಜ್ಯೋತ್ಸವ ಸಂಚಿಕೆಗೆ ನೀವು ಕಳಿಸಿದ ಫೋಟೊಗಳನ್ನು ಹೋದ ವಾರ ಕೂತು ಆರಿಸುತ್ತಿದ್ದೆ. ದಸರಾ ಗೊಂಬೆಗಳು, ಮಕ್ಕಳ ಕೋಲಾಟ, ಇಂಗ್ಲೆಂಡಿನ ಈ ಚಳಿನಾಡಿನಲ್ಲೂ ಯಾರದೋ ಹಿತ್ತಿಲಲ್ಲಿ ಬಿಟ್ಟ ಸೋರೆಕಾಯಿ. ಅವುಗಳ ನಡುವೆ ರಾತ್ರಿ ತೆಗೆದ ಒಂದು ಫೋಟೊ. ಸೀಹಮ್‌ನ ಕಡಲದಂಡೆ. ನಮ್ಮ ಸದಸ್ಯರೊಬ್ಬರ ಮಗ, ಈಗಷ್ಟೇ ಯೂನಿವರ್ಸಿಟಿ ಸೇರಿದ ಹುಡುಗ, ಹಣೆಗೆ ದೀಪ ಕಟ್ಟಿಕೊಂಡು ಒಂದೊಂದು ಕೈಯಲ್ಲಿ ಎರಡೆರಡು ಕಾಡ್ (cod) ಮೀನು ಎತ್ತಿ ಹಿಡಿದು ನಿಂತಿದ್ದಾನೆ. ಮುಖದ ತುಂಬ ನಗು. ಫೋಟೊ ಚೆನ್ನಾಗಿ ಬಂದಿದೆ. ಆದರೂ ಅದನ್ನು ಈ ಸಂಚಿಕೆಯಲ್ಲಿ ಹಾಕಿಲ್ಲ. ಯಾಕೆಂದು ಅವನಿಗೆ ಫೋನ್ ಮಾಡಿ ಹೇಳಿದ್ದೇನೆ. ನಿಮಗೂ ಹೇಳಬೇಕು, ಏಕೆಂದರೆ ಕಾಡ್ ಹಂಗಾಮು ಶುರುವಾಗಿದೆ, ನಮ್ಮಲ್ಲಿ ಗಾಳ ಹಿಡಿದು ದಂಡೆಗೆ ಹೋಗುವವರೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ.

"ಅಂಕಲ್, ಎಲ್ಲಾ ಅಳತೆ ಮಾಡೇ ಇಟ್ಕೊಂಡಿದ್ದು. ಒಂದೂ ಮೂವತ್ತೈದಕ್ಕಿಂತ ಕಮ್ಮಿ ಇಲ್ಲ" ಅಂದ.

"ಗೊತ್ತು ಮಾರಾಯ. ನೀನು ತಪ್ಪು ಮಾಡಿದ್ದಿ ಅಂತ ನಾನು ಹೇಳುತ್ತಾ ಇಲ್ಲ" ಅಂದೆ.

ಅವನು ಹೇಳಿದ್ದು ಸರಿಯೇ. ಉತ್ತರ ಸಮುದ್ರದಲ್ಲಿ ಕಾಡ್ ಇಟ್ಟುಕೊಳ್ಳಬೇಕಾದರೆ ಮೂತಿಯಿಂದ ಬಾಲದ ತುದಿಯವರೆಗೆ ಕನಿಷ್ಠ 35 ಸೆಂಟಿಮೀಟರ್ ಇರಬೇಕು. ಅದಕ್ಕಿಂತ ಚಿಕ್ಕದನ್ನು ಅಲ್ಲೇ ಕಡಲಿಗೆ ಬಿಡಬೇಕು. ಅಷ್ಟು ಉದ್ದದ ಮೀನು ತೂಗುವುದು ಅರ್ಧ ಕೆಜಿಯ ಆಸುಪಾಸು. ಹುಡುಗ ಕಾನೂನು ಮೀರಿಲ್ಲ. ನನ್ನ ಮಾತಿರುವುದು ಆ ಅಳತೆಯ ಬಗ್ಗೆಯೇ. ಅಲ್ಲಿಗೆ ಬರುವ ಮುನ್ನ ಈ ಮೀನಿನ ಕತೆಯನ್ನು ಸ್ವಲ್ಪ ಸಾವಧಾನವಾಗಿ ಹೇಳಲು ಅವಕಾಶ ಕೊಡಿ.

ನಾನು ಮೊದಲು ಗಾಳ ಹಿಡಿದದ್ದು ಗಂಗೊಳ್ಳಿಯ ಅಳಿವೆಯಲ್ಲಿ. ಪಂಚಗಂಗಾವಳಿಯ ನೀರು ಕಡಲು ಸೇರುವ ಜಾಗ. ಅಜ್ಜಯ್ಯ ಕೈಗೆ ಸುತ್ತಿಕೊಂಡ ತಂಗೂಸಿಗೆ ಸಿಗಡಿ ಚುಚ್ಚಿ ಕಾಣೆ ಮೀನು ಹಿಡಿಯುತ್ತಿದ್ದರು. ಕೋಲೂ ಇರಲಿಲ್ಲ, ದಾರ ಸುತ್ತುವ ಚಕ್ರವೂ ಇರಲಿಲ್ಲ. ಇಂಗ್ಲೆಂಡಿನ ಈ ಈಶಾನ್ಯ ಮೂಲೆಗೆ ಬಂದ ಮೊದಲ ವರ್ಷ ನನಗೆ ಅತಿ ಹೆಚ್ಚು ಕಾಡಿದ್ದು ಅಳಿವೆಯ ನೆನಪು. ಅಕ್ಟೋಬರಿನ ಒಂದು ಸಂಜೆ ಪಕ್ಕದ ಮನೆಯ ಹಿರಿಯರು, ಡರಮ್ ಕರಾವಳಿಯ ಕಲ್ಲಿದ್ದಲ ಗಣಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದವರು, ಉದ್ದನೆಯ ಕೋಲನ್ನು ಕಾರಿನ ಮೇಲೆ ಕಟ್ಟುತ್ತಿದ್ದರು. ಎಲ್ಲಿಗೆ ಅಂತ ಕೇಳಿದೆ. "ಬಾ" ಅಂದರು. ಅಷ್ಟೇ.

ಆ ಗಣಿಗಳ ಸುರಂಗಗಳು ಕಡಲ ಅಡಿಗೇ ಮೈಲುಗಟ್ಟಲೆ ಹೋಗಿದ್ದವು. ಮೇಲೆ ಕಾಡ್ ಮೇಯುತ್ತಿದ್ದರೆ ಕೆಳಗೆ ಇವರು ಕಲ್ಲಿದ್ದಲು ಒಡೆಯುತ್ತಿದ್ದರು. ಗಣಿಯ ಕಸವನ್ನೆಲ್ಲ ತಂದು ದಂಡೆಗೇ ಸುರಿಯುತ್ತಿದ್ದರಿಂದ ಮರಳು ಕಪ್ಪಾಗಿತ್ತಂತೆ. 1993ರಲ್ಲಿ ಈಸಿಂಗ್ಟನ್ ಗಣಿ ಮುಚ್ಚಿದ ಮೇಲೆ ಸುರಿಯುವುದು ನಿಂತಿತು, ಆಮೇಲೆ ದಂಡೆಯನ್ನು ಶುಚಿ ಮಾಡಿದರು, ಕಡಲೂ ತನ್ನ ಪಾಲಿನ ಕೆಲಸ ಮಾಡಿತು. ಇವತ್ತು ನಮ್ಮ ಮಕ್ಕಳು ಬಣ್ಣದ ಗಾಜಿನ ಚೂರು ಹೆಕ್ಕುವ ಸೀಹಮ್ ದಂಡೆಯ ಹಿಂದಿನ ಕತೆ ಇದು.

ಕಾಡ್ ತಣ್ಣೀರಿನ ಮೀನು. ಬೇಸಗೆಯಲ್ಲಿ ದೊಡ್ಡವು ಆಳಕ್ಕೆ ಹೋಗಿರುತ್ತವೆ. ಸೆಪ್ಟೆಂಬರ್ ಕಳೆದು ನೀರು ತಣಿಯತೊಡಗಿದಂತೆ ಏಡಿ, ವೈಟಿಂಗ್, ಸ್ಪ್ರಾಟ್ ಮೀನುಗಳನ್ನು ಹುಡುಕಿಕೊಂಡು ದಂಡೆಯ ಹತ್ತಿರಕ್ಕೆ ಬರುತ್ತವೆ. ಆದರೆ ತಿಳಿನೀರಿನ ದಿನ ಹೋದರೆ ಬರಿಗೈ. ಈಶಾನ್ಯದಿಂದ ಬಿರುಗಾಳಿ ಬೀಸಬೇಕು. ಎರಡು ದಿನ ಕಡಲು ರೊಚ್ಚಿಗೆದ್ದು ತಳವನ್ನೆಲ್ಲ ಕಲಕಿ, ಹುಳು, ಚಿಪ್ಪು, ಏಡಿಗಳನ್ನು ಕಿತ್ತೆಸೆಯಬೇಕು. ಆಮೇಲೆ ಗಾಳಿ ಇಳಿದು ಅಲೆ ತಗ್ಗುತ್ತಾ ಬರುವಾಗ, ನೀರಿನ್ನೂ ಉತ್ತ ಗದ್ದೆಯ ಬಣ್ಣದಲ್ಲಿರುವಾಗ, ಕತ್ತಲಾದ ಮೇಲೆ, ಭರತ ಏರುವ ಹೊತ್ತಿಗೆ ಕೂರಬೇಕು. ಪಕ್ಕದ ಮನೆಯ ಹಿರಿಯರು ಹವಾಮಾನ ವರದಿಯನ್ನು ನಮ್ಮಲ್ಲಿ ಪಂಚಾಂಗ ನೋಡಿದ ಹಾಗೆ ನೋಡುತ್ತಿದ್ದರು.

ಕಲಕಿದ ಕತ್ತಲ ನೀರಿನಲ್ಲಿ ಅದಕ್ಕೆ ಊಟ ಹೇಗೆ ಕಾಣುತ್ತದೆ ಎಂದು ನೀವು ಕೇಳಬಹುದು. ಕಾಡ್‌ನ ಗಲ್ಲದ ಕೆಳಗೆ ಒಂದೇ ಒಂದು ಮೀಸೆ ಇದೆ, ಅಂಗುಲದಷ್ಟು ಉದ್ದದ ಮೃದುವಾದ ಎಳೆ. ಅದರ ತುಂಬ ರುಚಿ ತಿಳಿಯುವ ಮೊಗ್ಗುಗಳು. ತಳವನ್ನು ಆ ಮೀಸೆಯಿಂದ ಸವರುತ್ತಾ, ವಾಸನೆ ಹಿಡಿಯುತ್ತಾ ಬರುತ್ತದೆ. ಆದ್ದರಿಂದಲೇ ಎರೆ ರಸಭರಿತವಾಗಿರಬೇಕು. ಇಲ್ಲಿಯವರು ಮೆಚ್ಚುವುದು ಲಗ್‌ವರ್ಮ್ ಅನ್ನುವ ಮರಳುಹುಳ, ಪೊರೆ ಕಳಚಲು ಸಿದ್ಧವಾದ ಏಡಿ, ನೀಲಿಕಲ್ಲು ಅನ್ನುವ ಚಿಪ್ಪುಜೀವಿ, ಬೊಂಡಾಸು (ಸ್ಕ್ವಿಡ್). ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ಚಕ್ಕುಲಿ ಒತ್ತಿದಂಥ ಒಂದು ಸುರುಳಿ, ಅದರಿಂದ ಗೇಣು ದೂರದಲ್ಲಿ ಒಂದು ಸಣ್ಣ ಕುಳಿ ಕಾಣುತ್ತದೆ. ಅವೆರಡರ ನಡುವೆ, ಮರಳಿನೊಳಗೆ, ಬಾಗಿದ ಬಿಲದಲ್ಲಿ ಹುಳ ಇರುತ್ತದೆ. ಎಷ್ಟು ಬೇಕೋ ಅಷ್ಟೇ ಅಗೆಯಬೇಕು, ಅಗೆದ ಗುಂಡಿ ಮುಚ್ಚಬೇಕು. ಹುಳವನ್ನು ದೊಡ್ಡ ಗಾಳದ ಉದ್ದಕ್ಕೂ ಪೋಣಿಸಿ, ಮೇಲೆ ನೀಲಿಕಲ್ಲಿನ ಮಾಂಸ ಇಟ್ಟು, ಕೂದಲೆಳೆಯಂಥ ಎಲಾಸ್ಟಿಕ್ ದಾರದಿಂದ ಸುತ್ತುತ್ತಾರೆ. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಕೈಯವರಿಗೆ ಈ ಕೆಲಸ ಒಂದೇ ಸಲಕ್ಕೆ ಬರುತ್ತದೆ. ನನ್ನ ಹೆಂಡತಿ ಕಟ್ಟಿದ ಎರೆ ನಾನು ಕಟ್ಟಿದ್ದಕ್ಕಿಂತ ದೂರ ಹೋಗುತ್ತದೆ, ಬಿಚ್ಚಿಕೊಳ್ಳುವುದಿಲ್ಲ.

ಹೊಸಬರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಇಲ್ಲಿ ಎಸೆಯುವುದು ನೂರೈವತ್ತು, ನೂರೆಪ್ಪತ್ತು ಗ್ರಾಂ ತೂಕದ ಸೀಸದ ಗುಂಡು. ಎಸೆಯುವ ರಭಸಕ್ಕೆ ತೆಳು ದಾರ ತುಂಡಾದರೆ ಆ ಗುಂಡು ಯಾರ ತಲೆಯನ್ನಾದರೂ ಒಡೆಯಬಹುದು. ಅದಕ್ಕೇ ದಾರದ ಮುಂಭಾಗಕ್ಕೆ ದಪ್ಪ ತಂಗೂಸಿ ಕಟ್ಟುತ್ತಾರೆ. ಒಂದು ಔನ್ಸ್ ಸೀಸಕ್ಕೆ ಹತ್ತು ಪೌಂಡ್ ತಡೆಯುವ ದಾರ ಅನ್ನುವುದು ಲೆಕ್ಕ. ಗುಂಡನ್ನು ಮಾತ್ರ ದುರ್ಬಲ ದಾರದಲ್ಲಿ ತೂಗುಹಾಕುತ್ತಾರೆ. ಗುಂಡು ಬಂಡೆಸಂದಿಗೆ ಸಿಕ್ಕಿಕೊಂಡರೆ ಅದೊಂದು ಹರಿದು ಹೋಗಿ ಮೀನು ಬಿಡಿಸಿಕೊಂಡು ಬರುತ್ತದೆ. ಇಲ್ಲದಿದ್ದರೆ ಮೀನು ಬಾಯಲ್ಲಿ ಗಾಳ ಹೊತ್ತು ಬಂಡೆಗೆ ಕಟ್ಟಿಹಾಕಿದಂತೆ ಅಲ್ಲೇ ಸಾಯುತ್ತದೆ. ಇನ್ನೊಂದು ಸಂಗತಿ, ಎಂದೂ ಕಡಲಿಗೆ ಬೆನ್ನು ಹಾಕಬೇಡಿ. ಗಾಳಿ ನಿಂತ ಮೇಲೂ ದೂರದ ಅಲೆಗಳು ಬರುತ್ತಲೇ ಇರುತ್ತವೆ, ಹತ್ತು ಅಲೆ ಕಾಲ ಬುಡದಲ್ಲಿ ನಿಂತರೂ ಹನ್ನೊಂದನೆಯದು ಎದೆಮಟ್ಟಕ್ಕೆ ಬರಬಹುದು. ಲೈಫ್ ಜಾಕೆಟ್ ಇಲ್ಲದವರನ್ನು ನಾನು ನನ್ನ ಜತೆ ಬಂಡೆಗೆ ಕರೆದುಕೊಂಡು ಹೋಗುವುದಿಲ್ಲ, ಎಷ್ಟೇ ಹತ್ತಿರದವರಾದರೂ.

ಮೀನು ಕಚ್ಚುವ ಗಳಿಗೆ ಬೇರೆಯೇ. ಗುಂಡಿಗೆ ನಾಲ್ಕು ತಂತಿಯ ಕಾಲುಗಳಿರುತ್ತವೆ, ಮರಳಿನಲ್ಲಿ ಊರಿಕೊಳ್ಳುತ್ತವೆ. ಬಿಗಿದ ದಾರಕ್ಕೆ ಕೋಲಿನ ತುದಿ ಬಾಗಿರುತ್ತದೆ. ತುದಿ ಒಮ್ಮೆ ತಲೆಯಾಡಿಸುತ್ತದೆ, ಎರಡನೇ ಸಲ ಜೋರಾಗಿ ಎಳೆಯುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ದಾರ ಸಡಿಲ. ಮೀನು ಗುಂಡನ್ನೇ ಕಿತ್ತುಕೊಂಡು ನಿಮ್ಮ ಕಡೆಗೆ ಬಂದಿದೆ. ಮೊದಲ ಸಲ ನಾನು ತಪ್ಪಿಸಿಕೊಂಡಿತೆಂದು ಸುಮ್ಮನೆ ನಿಂತಿದ್ದೆ. "ಸುತ್ತು, ಸುತ್ತು!" ಅಂತ ಹಿರಿಯರು ಕೂಗಿದರು. ಹಿಂದಕ್ಕೆ ನಡೆಯುತ್ತಾ ಚಕ್ರ ಸುತ್ತಿದೆ, ದಾರ ಮತ್ತೆ ಭಾರವಾಯಿತು, ನೊರೆಯೊಳಗಿಂದ ಮೀನು ಜಾರಿ ಬಂತು. ಕಡಲಪಾಚಿಯ ನಡುವೆ ಬದುಕಿದ ಮೀನಾದ್ದರಿಂದ ಇಟ್ಟಿಗೆ ಬಣ್ಣ, ಮೈಮೇಲೆ ಕಂದು ಚುಕ್ಕೆ, ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಬಾಗಿದ ಬಿಳಿ ಗೆರೆ, ಬೆನ್ನಿಗೆ ಮೂರು ರೆಕ್ಕೆ, ಹೊಟ್ಟೆ ಬೆಳ್ಳಗೆ. ಬಾಯಿ ಎಷ್ಟು ದೊಡ್ಡದೆಂದರೆ ನನ್ನ ಮುಷ್ಟಿ ಹೋಗುವಷ್ಟು. ಎರಡೂವರೆ ಕೆಜಿ ಇತ್ತು. ಹೊಟ್ಟೆ ಸೀಳಿದಾಗ ಅದರೊಳಗೆ ಇಡೀ ಏಡಿಗಳು, ಕಾಲು ಸಮೇತ.

ಅವತ್ತು ಹಿರಿಯರು ತಲೆಬುರುಡೆಯೊಳಗಿಂದ ಎರಡು ಬಿಳಿ ಕಲ್ಲು ತೆಗೆದು ನನ್ನ ಅಂಗೈಗೆ ಹಾಕಿದರು. ಮೀನಿನ ಕಿವಿಗಲ್ಲು. ಅದನ್ನು ಅಡ್ಡಕ್ಕೆ ಕೊಯ್ದರೆ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಬಳೆ ಕಾಣುತ್ತದೆ. ವಿಜ್ಞಾನಿಗಳು ಮೀನಿನ ವಯಸ್ಸು ಎಣಿಸುವುದು ಹೀಗೆಯೇ.

ಹುಡುಗನ ಫೋಟೊಕ್ಕೆ ಬರುತ್ತೇನೆ. ಉತ್ತರ ಸಮುದ್ರದ ಕಾಡ್ ಸಾಮಾನ್ಯವಾಗಿ ಮೊಟ್ಟೆ ಇಡುವ ಪ್ರಾಯಕ್ಕೆ ಬರುವುದು ಮೂರು, ನಾಲ್ಕು ವರ್ಷಕ್ಕೆ. ಆ ಹೊತ್ತಿಗೆ ಅದು ಮೂವತ್ತೈದು ಸೆಂಟಿಮೀಟರನ್ನು ದಾಟಿ ಬಹಳ ಮುಂದೆ ಹೋಗಿರುತ್ತದೆ. ಕಾನೂನು ಇಟ್ಟುಕೋ ಎನ್ನುವ ಮೀನು ಇನ್ನೂ ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ದೊಡ್ಡ ಹೆಣ್ಣು ಕಾಡ್ ಒಂದೇ ಹಂಗಾಮಿನಲ್ಲಿ ಹತ್ತಾರು ಲಕ್ಷ ಮೊಟ್ಟೆ ಇಡುತ್ತದೆ ನಿಜ. ಆದರೆ ಅದರಲ್ಲಿ ಬದುಕುವುದು ಬೆರಳೆಣಿಕೆ. ಮರಿಗಳು ನೆಚ್ಚಿಕೊಂಡಿರುವುದು ಅಕ್ಕಿನುಚ್ಚಿನಷ್ಟು ಗಾತ್ರದ ತಣ್ಣೀರಿನ ಜೀವಿಯೊಂದನ್ನು. ಕಡಲು ಬಿಸಿಯಾಗುತ್ತಾ ಬಂದಂತೆ ಆ ಜೀವಿ ಉತ್ತರಕ್ಕೆ ಸರಿದು, ಅದರ ಜಾಗಕ್ಕೆ ಬೆಚ್ಚನೆ ನೀರಿನ ಅದರ ದಾಯಾದಿ ಬಂದಿದೆ. ಮರಿಗಳಿಗೆ ಬೇಕಾದ ಕಾಲದಲ್ಲಿ ಊಟ ಸಿಗುವುದಿಲ್ಲ. ಅದರ ಮೇಲೆ ಹಡಗುಗಳ ಬಲೆ. 2017ರಲ್ಲಿ ಇಲ್ಲಿನ ಕಾಡ್‌ಗೆ ಸುಸ್ಥಿರ ಮೀನುಗಾರಿಕೆಯ ನೀಲಿ ಮುದ್ರೆ ಸಿಕ್ಕಿತ್ತು. ಎರಡೇ ವರ್ಷದಲ್ಲಿ, 2019ರಲ್ಲಿ, ಅದನ್ನು ಅಮಾನತಿನಲ್ಲಿಟ್ಟರು. 2021ರ ಅಕ್ಟೋಬರಿನಲ್ಲಿ ಟೀಸ್ ನದಿಯ ಅಳಿವೆಯ ಆಚೀಚಿನ ದಂಡೆಗಳಲ್ಲಿ ಏಡಿಗಳು ಸತ್ತು ರಾಶಿ ಬಿದ್ದದ್ದು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡದ್ದು. ಕಾಡ್‌ನ ಊಟದ ತಟ್ಟೆಯೇ ಅದು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇನ್ನೂ ದೊಡ್ಡದು ನಡೆದುಹೋಗಿದೆ. 1497ರಲ್ಲಿ ನಾವಿಕ ಜಾನ್ ಕ್ಯಾಬಟ್ ಆ ಕಡೆಗೆ ಹೋದಾಗ ಬುಟ್ಟಿ ಇಳಿಸಿದರೆ ಕಾಡ್ ತುಂಬಿ ಬರುತ್ತಿತ್ತಂತೆ. ಐದು ಶತಮಾನ ಅದನ್ನೇ ನಂಬಿ ಬದುಕಿದ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 1992ರ ಜುಲೈ 2ರಂದು ಸರ್ಕಾರ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಶುರುವಾದ ನಿಷೇಧ ತೆರವಾದದ್ದು 2024ರಲ್ಲಿ. ಮೂವತ್ತೆರಡು ವರ್ಷ!

ದಂಡೆಯಲ್ಲಿ ಕೂತು ಗಾಳ ಹಾಕುವ ನಾವು ಈ ಮೀನನ್ನು ಮುಗಿಸಿದವರಲ್ಲ. ಇದು ನನಗೆ ಗೊತ್ತು, ಹುಡುಗನೂ ಇದನ್ನೇ ಹೇಳಿದ. ಆದರೆ ನಮ್ಮ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಮೀನು ಮರಿಮಾಡುವ ಕಾಲ ಅದು. ಬಳಿಕ ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಪೂಜೆ. ಆ ಎರಡು ತಿಂಗಳು ಮೊಗವೀರರ ಮನೆಗಳಲ್ಲಿ ಎಷ್ಟು ಕೈ ಬಿಗಿ ಇರುತ್ತದೆಂದು ನೋಡಿ ಬೆಳೆದವನು ನಾನು. ಹೊಟ್ಟೆಪಾಡಿಗೆ ಹೋಗುವವರು ಅಷ್ಟು ತಡೆದುಕೊಳ್ಳುತ್ತಾರೆ. ಖುಷಿಗೆ ಹೋಗುವ ನಮಗೆ ಹದಿನೈದು ಸೆಂಟಿಮೀಟರ್ ಕಾಯುವುದು ಕಷ್ಟವಾಗಬಾರದು.

ಆದ್ದರಿಂದ ಇನ್ನು ಮುಂದೆ ನಮ್ಮ ಸುದ್ದಿಪತ್ರದಲ್ಲಿ 50 ಸೆಂಟಿಮೀಟರಿಗಿಂತ ಚಿಕ್ಕ ಕಾಡ್ ಹಿಡಿದು ನಿಂತ ಫೋಟೊ ಬರುವುದಿಲ್ಲ. ನೀರಿಗೆ ಮರಳಿ ಬಿಡುತ್ತಿರುವ ಫೋಟೊ ಕಳಿಸಿದರೆ ಎಷ್ಟೇ ಚಿಕ್ಕ ಮೀನಾದರೂ ಖಂಡಿತ ಹಾಕುತ್ತೇನೆ. ಬಿಡುವಾಗ ಒಣಕೈಯಲ್ಲಿ ಹಿಡಿಯಬೇಡಿ, ಮೈಯ ಲೋಳೆ ಕಿತ್ತು ಬಂದರೆ ಮೀನಿಗೆ ರೋಗ ತಗಲುತ್ತದೆ. ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಆಸರೆ ಕೊಟ್ಟು, ಅಲೆ ಹಿಂದೆ ಸರಿಯುವ ಹೊತ್ತಿಗೆ ಬಿಡಿ.

ದೊಡ್ಡದು ಸಿಕ್ಕಿದರೆ ಒಂದು ಸಾಕು, ಮನೆಯವರಿಗೆಲ್ಲ ಆಗುತ್ತದೆ. ಕಾಡ್ ಮಾಂಸದಲ್ಲಿ ನೀರು ಜಾಸ್ತಿ. ತುಂಡಿಗೆ ಉಪ್ಪು ಹಚ್ಚಿ ಇಪ್ಪತ್ತು ನಿಮಿಷ ಇಟ್ಟು, ಬಿಟ್ಟ ನೀರು ಬಸಿದು ಒರೆಸಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ರುಬ್ಬಿದ ಮಸಾಲೆ ಚೆನ್ನಾಗಿ ಕುದಿದು ಪುನರ್ಪುಳಿ ಹುಳಿ ಬಿಟ್ಟ ಮೇಲೆ ಕೊನೆಗೆ ತುಂಡು ಇಳಿಸಿ. ಆರು ನಿಮಿಷ. ಸೌಟು ಹಾಕಬೇಡಿ, ಬಂಗುಡೆಯಂತಲ್ಲ, ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಪಾತ್ರೆಯನ್ನೇ ಹಿಡಿದು ಒಮ್ಮೆ ಆಡಿಸಿದರೆ ಸಾಕು.

ನವೆಂಬರ್ ಎರಡನೇ ಶನಿವಾರ ಗಾಳಿ ಒಪ್ಪಿದರೆ ಸೀಹಮ್ ದಂಡೆಗೆ ಹೋಗೋಣ. ಮೀನು ತಿನ್ನದವರೂ ಬನ್ನಿ. ಹೋದ ವರ್ಷ ಬಂದವರಲ್ಲಿ ಅರ್ಧದಷ್ಟು ಜನ ಸಸ್ಯಾಹಾರಿಗಳೇ, ಬಿಸಿ ಬೋಂಡಾ ತಂದವರೂ ಅವರೇ. ಹಿಡಿತದ ಬೂಟು, ಹಣೆದೀಪ, ಒಂದು ಹೆಚ್ಚಿನ ಸ್ವೆಟರ್ ಇರಲಿ. ನಮ್ಮ ಹಿರಿಯರು ಈಗ ಇಲ್ಲ. ಅವರ ಮರದ ಎರೆಪೆಟ್ಟಿಗೆ ನನ್ನ ಹತ್ತಿರ ಇದೆ. ಮುಚ್ಚಳದ ಅಂಚಿನಲ್ಲಿ ಎರಡು ಮೊಳೆ ಹೊಡೆದಿದ್ದಾರೆ, ಮೊದಲನೆಯದು ಕಾನೂನಿನ ಅಳತೆಗೆ, ಎರಡನೆಯದು ಅದರಿಂದ ಗೇಣು ಮುಂದೆ. ಅವರು ಮೀನು ಇಟ್ಟುಕೊಳ್ಳುತ್ತಿದ್ದದ್ದು ಎರಡನೇ ಮೊಳೆ ಮುಟ್ಟಿದರೆ ಮಾತ್ರ. ಪೆಟ್ಟಿಗೆ ತರುತ್ತೇನೆ. ಫೋಟೊ ಕಳಿಸಿದ ಹುಡುಗನೂ ಬರುತ್ತಾನೆ. ಮಧ್ಯಾಹ್ನ ಇಳಿತದ ಹೊತ್ತಿಗೇ ಹೋಗಿ ಹುಳ ಅಗೆದಿಡುತ್ತೇನೆ ಅಂದಿದ್ದಾನೆ.