ಅರವತ್ತೊಂಬತ್ತರ ಗಾಡಿಗೆ ಅದರದೇ ಬಾಡಿ: ಗೆಳೆಯನಿಗೊಂದು ಪತ್ರ

ಮಿಷಿಗನ್
ಅಕ್ಟೋಬರ್ ಮೊದಲ ವಾರ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಓಡ್ತಿರೋ ಗಾಡಿ, ಬಾಡಿ ಯಾಕೆ ಬಿಚ್ಚಿದ್ಯೋ ಮಾರಾಯ?" ಅಂದೆ. ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ ಅದು. ಲಾರಿ ಬಾಡಿ ಕಟ್ಟುವವರ ಮನೆಯ ಮಗ ನೀನು, ನಿನಗೆ ಹೇಳುವಾಗ ಅರ್ಧಂಬರ್ಧ ಹೇಳಬಾರದು ಅಂತ ಕೂತು ಬರೆಯುತ್ತಿದ್ದೇನೆ.

ಗಾಡಿ ನಿನಗೆ ಫೋಟೋದಲ್ಲಿ ಗೊತ್ತು: 1969ರ ಷೆವರ್ಲೆ ಸಿ-10 ಪಿಕಪ್, ಮುಂದೆ ಕ್ಯಾಬಿನ್, ಹಿಂದೆ ಸಾಮಾನು ಹೇರುವ ತೆರೆದ ಬಾಡಿ; ಆರು ಸಿಲಿಂಡರಿನ 250 ಘನ ಇಂಚಿನ ಎಂಜಿನ್, ಗಿಡ್ಡ ಚಾಸಿ (ಕೆಳಗಿನ ಉಕ್ಕಿನ ಚೌಕಟ್ಟು). ಎರಡು ವರ್ಷದ ಹಿಂದೆ ಫ್ಲಿಂಟ್ ಊರಿನ ಹತ್ತಿರದ ಒಂದು ರೈತರ ಮನೆಯಿಂದ ತಂದೆ. ಆ ಊರಿನಲ್ಲೇ ಷೆವರ್ಲೆ ಕಂಪನಿಯ ಟ್ರಕ್ ಕಾರ್ಖಾನೆ ಇರುವುದು. ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು. ಆದರೆ ಹಿಂಬದಿಯನ್ನು ಮುಟ್ಟಿದರೆ ತುಕ್ಕು ಪುಡಿಯಾಗಿ ಕೈಗೆ ಬರುತ್ತಿತ್ತು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚಿನ ಆಳದಲ್ಲಿ, ಉಪ್ಪಿನ ಗಣಿ ಇದೆ. ಆ ಉಪ್ಪು ನೀರಿನ ಜೊತೆ ಸೇರಿ ಚಕ್ರದ ಮೇಲಿನ ಗುಂಡಿಗಳಲ್ಲಿ ಕೂತರೆ ಯಾವ ತಗಡು ಉಳಿಯುತ್ತೆ ಹೇಳು.

ಹಾಗಾಗಿ ಬಾಡಿ ಬದಲಿಸುವುದಂತೂ ಖಚಿತವಾಗಿತ್ತು. ಯಾವ ಬಾಡಿ ಅನ್ನುವುದೇ ಪ್ರಶ್ನೆ.

ಇಲ್ಲಿಯವರು ಅದನ್ನು ಬೆಡ್ ಅನ್ನುತ್ತಾರೆ, ನಾನು ನಮ್ಮ ಶೆಡ್ಡಿನ ಮಾತಿನಲ್ಲಿ ಬಾಡಿ ಅಂತಲೇ ಬರೆಯುತ್ತೇನೆ. ಆ ಕಾಲದ ಪಿಕಪ್‌ಗಳಿಗೆ ಎರಡು ಥರದ ಬಾಡಿ. ಒಂದು ಸ್ಟೆಪ್‌ಸೈಡ್: ಇಕ್ಕಟ್ಟಾದ ನೇರ ಪೆಟ್ಟಿಗೆ, ಅದರ ಹೊರಗೆ ಉಬ್ಬಿದ ಮಡ್‌ಗಾರ್ಡು, ಕ್ಯಾಬಿನ್ನಿಗೂ ಮಡ್‌ಗಾರ್ಡಿಗೂ ನಡುವೆ ಕಾಲಿಡಲು ಒಂದು ಮೆಟ್ಟಿಲು. ಆ ಮೆಟ್ಟಿಲ ಮೇಲೆ ನಿಂತರೆ ಪಕ್ಕದಿಂದಲೇ ಸಾಮಾನು ಎತ್ತಿ ಹಾಕಬಹುದು, ಇಳಿಸಬಹುದು. ಇನ್ನೊಂದು ಫ್ಲೀಟ್‌ಸೈಡ್: ಪಕ್ಕದ ತಗಡು ಕ್ಯಾಬಿನ್ನಿನಷ್ಟೇ ಅಗಲಕ್ಕೆ ನೇರವಾಗಿ ಹಿಂದಕ್ಕೆ ಹೋಗುತ್ತದೆ, ಚಕ್ರದ ಉಬ್ಬು ಒಳಗೆ ಬರುತ್ತದೆ. ಎರಡರಲ್ಲೂ ಚಕ್ರಗಳ ನಡುವಿನ ನೆಲದ ಅಗಲ ಹೆಚ್ಚುಕಡಿಮೆ ಒಂದೇ. ಫ್ಲೀಟ್‌ಸೈಡಿನಲ್ಲಿ ಸಿಗುವ ಹೆಚ್ಚಿನ ಜಾಗವೆಲ್ಲ ಉಬ್ಬಿನ ಹಿಂದೆ, ಮುಂದೆ ಮತ್ತು ಮೇಲೆ. ಇದೇ ಜಾತಿಗೆ ಫೋರ್ಡಿನವರು ಫ್ಲೇರ್‌ಸೈಡ್, ಸ್ಟೈಲ್‌ಸೈಡ್ ಅಂತ ಹೆಸರಿಟ್ಟರು; ಷೆವರ್ಲೆಯ ಸೋದರ ಕಂಪನಿ ಜಿಎಂಸಿಯವರು ಫೆಂಡರ್‌ಸೈಡ್, ವೈಡ್‌ಸೈಡ್ ಅಂದರು.

ನನ್ನ ಗಾಡಿ ಮೇಲಿದ್ದದ್ದು ಫ್ಲೀಟ್‌ಸೈಡ್. ಅದೇ ಥರದ್ದು ಇನ್ನೊಂದು ತಂದು ಕೂರಿಸೋಣ ಅಂತಿದ್ದೆ. ಒಂದು ದಿನ ಡ್ಯಾಶ್‌ಬೋರ್ಡಿನ ಗೂಡು ಗುಡಿಸುವಾಗ ಅದರ ಬಾಗಿಲಿನ ಒಳಮೈಗೆ ಅಂಟಿದ್ದ ಕಂಪನಿ ಕಾಗದ ಕಣ್ಣಿಗೆ ಬಿತ್ತು. ಹಳದಿಗಟ್ಟಿದೆ, ಒಂದು ಮೂಲೆ ಇಲಿ ತಿಂದಿದೆ, ಆದರೆ ಮಾಡೆಲ್ ಸಂಖ್ಯೆ ಓದಬಹುದು: ಸಿಎಸ್ 10704. ಎಸ್ ಅಂದರೆ ಆರು ಸಿಲಿಂಡರ್, 1 ಅಂದರೆ ಅರ್ಧ ಟನ್ನಿನ ವರ್ಗ, 07 ಅಂದರೆ 115 ಇಂಚಿನ ವೀಲ್‌ಬೇಸ್, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ. ಕೊನೆಯ 04 ನೋಡಿ ಅಲ್ಲೇ ಕೂತುಬಿಟ್ಟೆ. ಫ್ಲೀಟ್‌ಸೈಡ್ ಆಗಿದ್ದರೆ ಅದು 34 ಇರಬೇಕಿತ್ತು. ಕಾರ್ಖಾನೆಯಿಂದ ಹೊರಬಂದಾಗ ಈ ಗಾಡಿಗಿದ್ದದ್ದು ಸ್ಟೆಪ್‌ಸೈಡ್ ಬಾಡಿ.

ಗಾಡಿ ಮಾರಿದ ಮನೆಯ ಮಗನಿಗೆ ಫೋನ್ ಮಾಡಿದೆ. ಅವರಿಗೀಗ ಅರವತ್ತು ದಾಟಿದೆ. "ಹೌದು, ನಮ್ಮಪ್ಪನೇ ಬದಲಿಸಿದ್ದು, ನಾನಾಗ ಸ್ಕೂಲಿಗೆ ಹೋಗ್ತಿದ್ದೆ" ಅಂದರು. ಹುಲ್ಲಿನ ಕಟ್ಟು, ಸೌದೆ, ದನದ ಮೇವಿನ ಚೀಲ ಹೇರಲು ಇಕ್ಕಟ್ಟು ಪೆಟ್ಟಿಗೆ ಸಾಲದೆ, ಅಪಘಾತವಾಗಿ ಮುಂಭಾಗ ನುಜ್ಜುಗುಜ್ಜಾಗಿದ್ದ ಇನ್ನೊಂದು ಗಾಡಿಯ ಹಿಂಬದಿ ಬಿಚ್ಚಿ ತಂದು ತಮ್ಮ ಕೊಟ್ಟಿಗೆಯಲ್ಲೇ ಕೂರಿಸಿದ್ದರಂತೆ. ಹಳೇ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದರು. ಆ ಹಿರಿಯರು ಮಾಡಿದ್ದು ತಪ್ಪು ಅಂತ ನನಗೆ ಒಂದು ಕ್ಷಣಕ್ಕೂ ಅನಿಸಲಿಲ್ಲ. ಅವರಿಗೆ ಗಾಡಿ ದುಡಿಯಬೇಕಿತ್ತು. ಹೊಸದರಲ್ಲಿ ಸ್ಟೆಪ್‌ಸೈಡ್ ಸ್ವಲ್ಪ ಅಗ್ಗ, ಅದಕ್ಕೇ ಅದನ್ನು ಕೊಂಡಿರಬೇಕು. ಕೆಲಸ ಬೆಳೆದಾಗ ಬಾಡಿಯೂ ಬೆಳೆಯಿತು.

ನೋಡು, ಪಿಕಪ್ ಹುಟ್ಟಿದ್ದೇ ಹಾಗೆ. ನಿಮ್ಮ ಶೆಡ್ಡಿಗೆ ಬರೀ ಚಾಸಿಯೂ ಮುಖವೂ ಬಂದು, ನಿಮ್ಮಪ್ಪ ಅದರ ಮೇಲೆ ಮರದ ಬಾಡಿ ಕಟ್ಟುತ್ತಿದ್ದರಲ್ಲ, ಇಲ್ಲೂ ಮೊದಲು ಅದೇ ಪದ್ಧತಿ. ಫೋರ್ಡ್ ಕಂಪನಿ 1917ರಲ್ಲಿ ಒಂದು ಟನ್ನಿನ ಟಿಟಿ ಚಾಸಿ ಮಾರಾಟಕ್ಕೆ ಬಿಟ್ಟಾಗ ಅದರ ಮೇಲಿನ ಬಾಡಿಯನ್ನು ಕೊಂಡವರೇ ಹೊರಗೆ ಕಟ್ಟಿಸಿಕೊಳ್ಳಬೇಕಿತ್ತು. 1925ರಲ್ಲಿ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಪಿಕಪ್ ಬಾಡಿ ಕೂರಿಸಿ 281 ಡಾಲರಿಗೆ ಕೊಟ್ಟರು. ಆಮೇಲೂ ಕ್ಯಾಬಿನ್ ಬೇರೆ, ಬಾಡಿ ಬೇರೆ, ಎರಡೂ ಚಾಸಿಗೆ ಬೋಲ್ಟಿನಲ್ಲಿ. ಅಗಲ ಬಾಡಿಯ ಹುಚ್ಚು ಹಿಡಿದಾಗ ಕಂಪನಿಗಳೂ ನಮ್ಮ ಹಾಗೇ ಶೆಡ್ಡಿನ ಬುದ್ಧಿ ಓಡಿಸಿದವು. 1955ರ ಷೆವರ್ಲೆ ಕ್ಯಾಮಿಯೋ ಗಾಡಿಯಲ್ಲಿ ಒಳಗಿದ್ದದ್ದು ಮಾಮೂಲಿ ಇಕ್ಕಟ್ಟು ಪೆಟ್ಟಿಗೆ, ಹೊರಗೆ ಫೈಬರ್‌ಗ್ಲಾಸಿನ ಹೊದಿಕೆ. 1957ರಲ್ಲಿ ಡಾಡ್ಜ್‌ನವರು ತಮ್ಮದೇ ಸ್ಟೇಷನ್ ವ್ಯಾಗನ್ ಕಾರಿನ ಹಿಂಭಾಗದ ರೆಕ್ಕೆಗಳನ್ನು ತಂದು ಪಿಕಪ್ಪಿಗೆ ಹಾಕಿ ಸ್ವೆಪ್ಟ್‌ಸೈಡ್ ಅಂದರು. ಅದೇ ವರ್ಷ ಫೋರ್ಡಿನ ಸ್ಟೈಲ್‌ಸೈಡ್, ಮರುವರ್ಷ ಷೆವರ್ಲೆಯ ಫ್ಲೀಟ್‌ಸೈಡ್ ಬಂದವು. ಫೋರ್ಡಿನವರು 1961ರಲ್ಲಿ ಕ್ಯಾಬಿನ್ನನ್ನೂ ಬಾಡಿಯನ್ನೂ ಒಂದೇ ತಗಡಿನಲ್ಲಿ ಕೂಡಿಸಿ ನೋಡಿದರು. ಗಿರಾಕಿಗಳಿಗೆ ಹಿಡಿಸಲಿಲ್ಲ, 1963ರ ನಂತರ ಕೈಬಿಟ್ಟರು. ಅಂಥ ಗಾಡಿಯಲ್ಲಿ ಬಾಡಿ ಕೊಳೆತರೆ ನಾನು ಮಾಡಿದ ಹಾಗೆ ಬಿಚ್ಚಿ ಇನ್ನೊಂದು ಕೂರಿಸುವಂತೆಯೇ ಇಲ್ಲ. ಅದಕ್ಕೇ ನನಗೆ ಬೋಲ್ಟಿನ ಬಾಡಿ ಮೇಲೆ ಇಷ್ಟು ಪ್ರೀತಿ.

ನಾನು ಸ್ಟೆಪ್‌ಸೈಡನ್ನೇ ಆರಿಸಿದೆ. ಕಾಗದದಲ್ಲಿ ಬರೆದಿದೆ ಅನ್ನುವುದು ಒಂದು ಕಾರಣ. ದೊಡ್ಡ ಕಾರಣ, ಅದು ಪೂರ್ತಿ ಬಿಚ್ಚಿ ಕಟ್ಟುವಂಥದ್ದು: ಮುಂದಿನ ಹಲಗೆ, ಎರಡು ಪಕ್ಕ, ಕೆಳಗೆ ಅಡ್ಡಪಟ್ಟಿಗಳು, ಉದ್ದಕ್ಕೆ ಮರದ ಹಲಗೆಗಳು, ಹಲಗೆಗಳ ಸಂದಿನ ಮೇಲೆ ಉಕ್ಕಿನ ಪಟ್ಟಿ, ಎಲ್ಲವೂ ಬೋಲ್ಟು. ನಾಳೆ ಒಂದು ಮಡ್‌ಗಾರ್ಡ್ ತುಕ್ಕು ಹಿಡಿದರೆ ಅದೊಂದನ್ನೇ ಬದಲಿಸಬಹುದು. ನಿಮ್ಮ ಶೆಡ್ಡಿನಲ್ಲಿ ರಜೆಯಿಡೀ ಕೂತು ನೋಡಿದ ಕೆಲಸದ ಹತ್ತಿರದ ನೆಂಟ ಇದು.

ಪಕ್ಕದ ತಗಡುಗಳು ನ್ಯೂ ಮೆಕ್ಸಿಕೋದಿಂದ ಬಂದವು. ಒಣ ಸೀಮೆ, ಬಿಸಿಲಿಗೆ ಬಣ್ಣ ಹೋಗಿದೆ, ತಗಡು ಗಂಟೆಯ ಹಾಗಿದೆ. ಮರ ಮಾತ್ರ ಪೂರ್ತಿ ಸೀಳಿತ್ತು. ಮಡ್‌ಗಾರ್ಡು, ಮೆಟ್ಟಿಲು ಹೊಸದಾಗಿ ಮಾಡಿದ್ದು ಸಿಗುತ್ತವೆ, ತಂದೆ. ಕೊಳ್ಳುವಾಗ ನೋಡಬೇಕಾದ್ದು ವೀಲ್‌ಬೇಸ್: ಗಿಡ್ಡದ್ದು 115 ಇಂಚು, ಉದ್ದದ್ದು 127. ಆರೂವರೆ ಅಡಿಯ ಪೆಟ್ಟಿಗೆ ಗಿಡ್ಡ ಚಾಸಿಗೆ, ಎಂಟಡಿಯದು ಉದ್ದದ್ದಕ್ಕೆ. ಉದ್ದ ಚಾಸಿಯನ್ನು ಕತ್ತರಿಸಿ ಗಿಡ್ಡ ಮಾಡುವವರು ಇಲ್ಲಿ ಬೇಕಾದಷ್ಟಿದ್ದಾರೆ, ಗಿಡ್ಡಕ್ಕೆ ಬೆಲೆ ಹೆಚ್ಚು ಅಂತ. ಒಳ್ಳೇ ಚಾಸಿಗೆ ಗರಗಸ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಪೆಟ್ರೋಲ್ ಟ್ಯಾಂಕ್ ಬಗ್ಗೆ ನೀನು ಕೇಳಿದ್ದೆ. 1972ರವರೆಗಿನ ಈ ಗಾಡಿಗಳಲ್ಲಿ ಅದು ಕ್ಯಾಬಿನ್ನಿನೊಳಗೆ, ಸೀಟಿನ ಹಿಂದೆ. ಪೆಟ್ರೋಲ್ ಹಾಕುವ ಬಾಯಿಯೂ ಕ್ಯಾಬಿನ್ನಿನ ಪಕ್ಕದಲ್ಲೇ. ಬಾಡಿಗೂ ಅದಕ್ಕೂ ಸಂಬಂಧವಿಲ್ಲ. 1973ರಿಂದ ಟ್ಯಾಂಕು ಚಾಸಿಯ ಹೊರಪಕ್ಕಕ್ಕೆ ಹೋಗಿ ಅದರ ಬಾಯಿ ಬಾಡಿಯ ಪಕ್ಕಕ್ಕೆ ಬಂತು. ಆ ಗಾಡಿಗಳಲ್ಲಿ ಬಾಡಿ ಬದಲಿಸುವವರು ಮೊದಲು ಅದಕ್ಕೆ ದಾರಿ ಹುಡುಕಿಕೊಳ್ಳಬೇಕು.

ಬಿಚ್ಚುವ ದಿನ ನಮ್ಮ ಕನ್ನಡ ಕೂಟದ ಐದು ಜನ ಬಂದಿದ್ದರು. ತುಕ್ಕು ಬಿಡಿಸುವ ಎಣ್ಣೆಯನ್ನು ಮೂರು ದಿನ ಮೊದಲೇ ಬೋಲ್ಟುಗಳಿಗೆ ಬಿಟ್ಟಿದ್ದೆ. ಆದರೂ ಎರಡನ್ನು ಗ್ರೈಂಡರಿನಲ್ಲಿ ಕೊಯ್ಯಬೇಕಾಯಿತು. ಹಿಂದಿನ ಬಾಗಿಲು ಕಳಚಿ, ಮೂಲೆಮೂಲೆಗೆ ನಿಂತು "ಐಸಾ" ಅಂತ ಎತ್ತಿ ಹಿಂದಕ್ಕೆ ಸಾಗಿಸಿದೆವು. ಆಮೇಲೆ ಚಿತ್ರಾನ್ನ, ಮೊಸರನ್ನ.

ಬಾಡಿ ಎತ್ತಿದಾಗ ಕಂಡದ್ದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಹಿಂದಿನ ಆಕ್ಸಲ್ಲಿಗೆ ಹೋಗುವ ಬ್ರೇಕ್ ಪೈಪು, ಅಡ್ಡಪಟ್ಟಿಯ ಮರೆಯಲ್ಲಿ, ತುಕ್ಕಿನಿಂದ ಕಾಗದದಷ್ಟು ತೆಳುವಾಗಿತ್ತು. ಬೆರಳಿನಲ್ಲಿ ಒತ್ತಿದೆ, ಎಣ್ಣೆ ಜಿನುಗಿತು. ಅದೇ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಎರಡು ಬೇಸಿಗೆ ಓಡಾಡಿದ್ದೆ. ಕೆಳಗೆ ಮಲಗಿ ಟಾರ್ಚು ಬಿಟ್ಟರೂ ಆ ಜಾಗ ಕಾಣುತ್ತಿರಲಿಲ್ಲ. ಪೈಪುಗಳನ್ನೆಲ್ಲ ಹೊಸದಾಗಿ ಎಳೆದೆ. ಚಾಸಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಪ್ರೈಮರ್ ಬಳಿದು, ಕಪ್ಪು ಬಣ್ಣ ಹಚ್ಚಿದೆ. ಹಾಗೆ ಉಜ್ಜುವಾಗಲೇ ಆ ರೈತರು ಕೊರೆದ ತೂತುಗಳೂ, ಪಕ್ಕದಲ್ಲೇ ಕಂಪನಿಯ ಮೂಲ ತೂತುಗಳೂ ಸಿಕ್ಕವು. ನಾನು ಹೊಸದೊಂದು ತೂತನ್ನೂ ಕೊರೆಯಲಿಲ್ಲ, ಅವರದನ್ನು ಮುಚ್ಚಲೂ ಇಲ್ಲ.

ಜೋಡಿಸುವಾಗ ಒಂದು ತಪ್ಪು ಮಾಡಿದೆ. ಪಕ್ಕ, ಅಡ್ಡಪಟ್ಟಿ ಕೂರಿಸಿದ ಖುಷಿಯಲ್ಲಿ ಎಲ್ಲ ಬೋಲ್ಟನ್ನೂ ಪೂರ್ತಿ ಬಿಗಿದುಬಿಟ್ಟೆ. ಹಿಂದಿನ ಬಾಗಿಲು ಎಡಗಡೆ ಕೂತಿತು, ಬಲಗಡೆ ಕೊಕ್ಕೆಗೆ ಸರಪಳಿ ಎಟುಕಲೇ ಇಲ್ಲ. ರಾತ್ರಿ ಹತ್ತು ಗಂಟೆಗೆ ಅದನ್ನೇ ನೋಡುತ್ತ ನಿಂತಾಗ ನಿಮ್ಮಪ್ಪ ನೆನಪಾದರು. ಮೂಲೆಯಿಂದ ಮೂಲೆಗೆ ದಾರ ಹಿಡಿದು, ಆ ದಾರವನ್ನೇ ಇನ್ನೆರಡು ಮೂಲೆಗೆ ತಿರುಗಿಸಿ, "ಎರಡೂ ಒಂದಾಗೋ ತನಕ ಸ್ಪ್ಯಾನರ್ ಮುಟ್ಟಬೇಡಿ" ಅಂತ ಹುಡುಗರಿಗೆ ಹೇಳುತ್ತಿದ್ದರಲ್ಲ. ದಾರ ತಂದು ಹಿಡಿದೆ. ಅರ್ಧ ಇಂಚು ವ್ಯತ್ಯಾಸ. ಎಲ್ಲವನ್ನೂ ಸಡಿಲಿಸಿ, ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಎರಡೂ ದಾರ ಒಂದಾದ ಮೇಲೆ ಬಿಗಿದೆ. ಬಾಗಿಲು ಒಂದೇ ಬೆರಳಿಗೆ ಮುಚ್ಚಿತು. ಅವರ ಕಾಲಿಗೆ ಅಲ್ಲಿಂದಲೇ ನಮಸ್ಕಾರ ಮಾಡಿದ್ದೇನೆ, ಹೇಳು.

ದೀಪದ ಕೆಲಸ ಒಂದು ಭಾನುವಾರ ಹಿಡಿಯಿತು. ಫ್ಲೀಟ್‌ಸೈಡಿನಲ್ಲಿ ಹಿಂದಿನ ಕೆಂಪು ದೀಪ ತಗಡಿನೊಳಗೇ ಉದ್ದಕ್ಕೆ ಕೂರುತ್ತದೆ. ಸ್ಟೆಪ್‌ಸೈಡಿನಲ್ಲಿ ಪೆಟ್ಟಿಗೆಯ ಹೊರಗೆ ಬ್ರಾಕೆಟ್ ಮೇಲೆ. ವೈರು ಉದ್ದ ಮಾಡಿದರೂ ದೀಪ ಮಂಕಾಗಿಯೇ ಉರಿಯಿತು. ಬೋಲ್ಟಿಗೂ ತಗಡಿಗೂ ನಡುವೆ ಹೊಸ ಬಣ್ಣ ಕೂತು ಅರ್ತ್ ಸರಿಯಾಗಿ ಸಿಗುತ್ತಿರಲಿಲ್ಲ. ಚಾಸಿಯಿಂದಲೇ ಬೇರೆ ಅರ್ತ್ ವೈರ್ ಕೊಟ್ಟ ಮೇಲೆ ಸರಿಹೋಯಿತು. ಹಿಂದಿನ ಬಂಪರೂ ಅದರ ಬ್ರಾಕೆಟ್ಟೂ ಬೇರೆಯೇ ಬೇಕು, ಅವಿನ್ನೂ ಬಂದಿಲ್ಲ.

ಹಳೇ ಫ್ಲೀಟ್‌ಸೈಡನ್ನು ಗುಜರಿಗೆ ಹಾಕಿಲ್ಲ. ಎಡಪಕ್ಕದ ಮುಂಭಾಗ, ಹಿಂದಿನ ಬಾಗಿಲು ಇನ್ನೂ ಗಟ್ಟಿಯಿವೆ. 1971ರ ಗಾಡಿ ಇಟ್ಟುಕೊಂಡಿರುವ ಒಬ್ಬರು ಬಂದು ಬಾಗಿಲು ಒಯ್ದರು. ಉಳಿದದ್ದು ಇಟ್ಟಿಗೆ ಮೇಲೆ, ತಾಡಪಾಲಿನ ಕೆಳಗಿದೆ. ಗಾಡಿ ಮಾರಿದ ಮನೆಯವರನ್ನು ಕರೆದು ತೋರಿಸಿದೆ. ಆ ಮಗ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತರು. "ಚಿಕ್ಕವನಿದ್ದಾಗ ಇಲ್ಲೇ ಕೂರ್ತಿದ್ದೆ" ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಈಗ ಉಳಿದಿರುವುದು ಮರ. ಕಂಪನಿಯವರು ಹಾಕಿದ್ದು ಪೈನ್. ನಾನು ಓಕ್ ತಂದಿದ್ದೇನೆ, ಕೊಯ್ಸಿ ಇಟ್ಟಿದ್ದೇನೆ. ಹಲಗೆ ಉಬ್ಬಿದರೆ ಜಾಗ ಬೇಕಲ್ಲ, ಸಂದು ಎಷ್ಟು ಬಿಡಲಿ? ನಿಮ್ಮಪ್ಪ ಮತ್ತಿ, ಹೊನ್ನೆ ಹಲಗೆಗೆ ಬಿಡುತ್ತಿದ್ದ ಲೆಕ್ಕ ಇಲ್ಲಿನ ಒಣ ಚಳಿಗೂ ನಡೆಯುತ್ತದೆಯೇ? ಮೇಲೆ ಅಗಸೆ ಎಣ್ಣೆ ಹಚ್ಚುವುದೋ ವಾರ್ನಿಷೋ? ಅಡಿಮೈಗೂ ಹಚ್ಚಬೇಕು ಅಂತ ನನಗೆ ಅನಿಸುತ್ತದೆ, ಆದರೆ ಅವರ ಬಾಯಿಂದಲೇ ಕೇಳಿ ಬರೆ. ನವೆಂಬರಿನಲ್ಲಿ ಹಿಮ ಶುರುವಾಗುತ್ತದೆ, ಅಷ್ಟರೊಳಗೆ ಹಲಗೆ ಕೂರಿಸಬೇಕು.

ಅಮ್ಮನಿಗೆ, ಅಪ್ಪಯ್ಯನಿಗೆ ನಮಸ್ಕಾರ. ಮಕ್ಕಳಿಗೆ ಪ್ರೀತಿ.

ನಿನ್ನ
ಹಳೇ ಬೆಂಚಿನ ಗೆಳೆಯ