ಕೀ ಹೋದರೆ ಹಳೇ ಬೀಗ ಎಸೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಯ 1986ರ ಪ್ರೀಮಿಯರ್ ಪದ್ಮಿನಿಯ ಕೀ ಗೊಂಚಲು ಮಧೂರು ಜಾತ್ರೆಯ ನೂಕುನುಗ್ಗಲಲ್ಲಿ ಕಳೆದುಹೋಯಿತು. ಕಾಸರಗೋಡಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯವರು ಕಾರನ್ನು ನೋಡದೆಯೇ "ಬೀಗದ ಸೆಟ್ಟೇ ಬದಲಿಸಿ" ಅಂದರು. ಈ ಕಾರಿನ ತಯಾರಿ ನಿಂತೇ ಇಪ್ಪತ್ತು ವರ್ಷ ದಾಟಿದೆ. ಒಳ್ಳೆಯ ಸೆಟ್ ಎಲ್ಲಿಂದ ತರುವುದು?

ಕೊನೆಗೆ ಬದಿಯಡ್ಕ ಪೇಟೆಯಲ್ಲಿ ಕೀ ಮಾಡುವ ಹಿರಿಯರೊಬ್ಬರು ಒಪ್ಪಿದರು. ಬಾಗಿಲಿನ ಬೀಗ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಹರಡಿದರು. ಒಳಗೆ ಸಾಲಾಗಿ ತೆಳು ಹಿತ್ತಾಳೆ ಬಿಲ್ಲೆಗಳು, ಅವಕ್ಕೆ ಪುಟ್ಟ ಪುಟ್ಟ ಸ್ಪ್ರಿಂಗ್. ಸೀನಿದರೆ ಹಾರಿಹೋಗುತ್ತವೆ! ಸರಿಯಾದ ಕೀ ಹೊಕ್ಕರೆ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಸಿಲಿಂಡರ್ ತಿರುಗುತ್ತದೆ. ಒಂದು ಬಿಲ್ಲೆ ಎದ್ದು ನಿಂತರೂ ತಿರುಗುವುದಿಲ್ಲ. ಅವರು ಬಿಲ್ಲೆಗಳ ಜಾಗ ಅದಲುಬದಲು ಮಾಡಿ, ಅದಕ್ಕೆ ಹೊಂದುವಂತೆ ಹೊಸ ಕೀಯನ್ನು ಅರದಿಂದ ಉಜ್ಜಿದರು. ಇಗ್ನಿಷನ್‌ಗೂ ಹಾಗೇ. ಇನ್ನು ಕಳೆದ ಕೀ ಯಾರಿಗೆ ಸಿಕ್ಕಿದರೂ ಕಾರು ತೆರೆಯದು. ಸುಮ್ನೆ ಡೂಪ್ಲಿಕೇಟ್ ಮಾಡಿಸಿದ್ದರೆ ಈ ನೆಮ್ಮದಿ ಇರುತ್ತಿತ್ತಾ? ಇಂಥ ಹಳೇ ಕಾರಿನ ಕೀಯಲ್ಲಿ ಚಿಪ್ ಇಲ್ಲ, ಹಾಗಾಗಿ ಕಂಪ್ಯೂಟರಿನ ತಲೆನೋವೂ ಇಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಅವರು ಆರ್‌ಸಿ ಕೇಳಿದರು. ನಮ್ಮ ಅಳಿಯನಿಗೆ ಸಿಟ್ಟು ಬಂತು, ನನಗೆ ಖುಷಿಯಾಯಿತು. ಕೀ ಮಾಡುವವರೆಲ್ಲ ಹೀಗೆ ಕೇಳಬೇಕು, ಅಲ್ವಾ? ಅವರ ಹತ್ತಿರ ಈ ಕೆಲಸ ಕಲಿಯಲು ಹುಡುಗರು ಯಾರೂ ಬರುತ್ತಿಲ್ಲವಂತೆ. ಜಿಲ್ಲೆಯ ಐಟಿಐಗಳಲ್ಲಿ ಇದಕ್ಕೊಂದು ಸಣ್ಣ ತರಬೇತಿ ಶುರು ಮಾಡಲಿ, ಕನ್ನಡದಲ್ಲೂ ಪಾಠ ಇರಲಿ.

– ಒಬ್ಬ ಓದುಗ, ನೀರ್ಚಾಲು